ಬೇಲಿಗೆ ತಾಗಿದ ಬಾಣಂತಿ ಬಚ್ಚಲು

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಶನಿವಾರಸಂತೆಯ ಊರ ಕಮಿಟಿಯಲ್ಲಿ ನನ್ನ ಅಪ್ಪ ಮೆಂಬರು. ಹಿತ್ತಲಲ್ಲಿ ಕೊಟ್ಟಿಗೆ, ಸೌದೆಮನೆ, ಬಚ್ಚಲು ಏನೇ ಕಟ್ಟಿದರೂ ಪಕ್ಕದವರ ಬೇಲಿಯಿಂದ ಐದು ಅಡಿ ಬಿಡಬೇಕೆಂಬ ಕಾಯ್ದೆಯನ್ನು ಹಟ ಹಿಡಿದು ಮಾಡಿಸಿದವನು ಅವನೇ. ಮಾಡಿಸಿ ಸುಮ್ಮನಿದ್ದನೇ? ಮೊದಲು ಕೆಡವಿಸಿದ್ದು ಪಕ್ಕದ ಮನೆಯ ಬಚ್ಚಲನ್ನು. ಆ ಮನೆಯ ಮಗಳು, ನನ್ನ ಜೊತೆಗೇ ಆಡಿ ಬೆಳೆದವಳು, ಆಗ ಹಸಿ ಬಾಣಂತಿ. "ಬಾಣಂತನ ಮುಗಿಯೋಗಂಟ ಬುಡಿ ಅಣ್ಣ, ಆಮೇಲೆ ನಾವೇ ಕಿತ್ತಾಕ್ತೀವಿ" ಎಂದು ಅವಳ ತಾಯಿ ಕೈ ಮುಗಿದರೂ ಅಪ್ಪ, "ಕಾಯ್ದೆ ಅಂದ್ರೆ ಕಾಯ್ದೆ ಕಣಮ್ಮ" ಎಂದನಂತೆ. ಮಳೆಗಾಲವಿಡೀ ಆ ಹುಡುಗಿ ಬಯಲಲ್ಲಿ ಸೀರೆ ಮರೆ ಕಟ್ಟಿಕೊಂಡು ಮಿಂದಳು. ಅಪ್ಪ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ತನ್ನ ನಿಷ್ಠುರವನ್ನು ಹೇಳಿಕೊಂಡು ಮೀಸೆ ತಿರುವುತ್ತಿದ್ದ.

ಮರುವರ್ಷ ಚೊಚ್ಚಲ ಹೆರಿಗೆಗೆ ನಾನು ತವರಿಗೆ ಬಂದೆ. ನಮ್ಮಲ್ಲಿ ಬಾಣಂತಿ ಮನೆಯೊಳಗಿನ ಬಚ್ಚಲಲ್ಲಿ ಮೀಯುವಂತಿಲ್ಲ. ಹಿತ್ತಲಲ್ಲಿ ಬೇರೆಯೇ ಕಟ್ಟಿಕೊಡಬೇಕು. ಅಪ್ಪ ಬಿದಿರುತಟ್ಟಿಯ ಬಚ್ಚಲು ಕಟ್ಟಿಸಿದ. ಎಲ್ಲಿ ಅಂತೀರಿ? ನೀರು ಹರಿಯಲು ಇಳಿಜಾರು ಅಲ್ಲೇ ಇದೆಯೆಂದು ಅದೇ ಪಕ್ಕದ ಮನೆಯ ಬೇಲಿಗೆ ಅಂಟಿಸಿಕೊಂಡು! ಅಮ್ಮ ಬೇಡವೆಂದಳು. "ಮೂರು ತಿಂಗಳ ತಟ್ಟಿಗೆಲ್ಲ ಯಾವ ಕಾಯ್ದೆ, ಹೋಗೇ" ಎಂದು ಗದರಿದ.

ಒಂದು ಬೆಳಿಗ್ಗೆ ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು ಮಣೆಯ ಮೇಲೆ ಕೂತಿದ್ದೆ. ಅಮ್ಮ ಹಂಡೆಯಿಂದ ಸುಡುನೀರು ಮೊಗೆದು ಬೆನ್ನಿಗೆ ಎರಚುತ್ತಿದ್ದಳು. ತಟ್ಟಿಯಾಚೆ ಬೂಟಿನ ಸದ್ದಾಯಿತು. ಊರ ಹಿತ್ತಲುಗಳನ್ನೆಲ್ಲ ಅಳೆಯಲು ಮಡಿಕೇರಿಯಿಂದ ಬಂದ ಇನ್ಸ್‌ಪೆಕ್ಟರು.

"ಏನ್ರೀ ಇದು? ಮೆಂಬರ್ರೇ ಹಿಂಗ್ ಮಾಡಿದ್ರೆ? ಇವತ್ತೇ ಕೀಳಿಸಿ."

"ಒಳಗೆ ನನ್ನ ಮಗಳು ಮೀತಾವ್ಳೆ ಸಾರ್. ಬಾಣಂತಿ" ಎಂದ ಅಪ್ಪ.

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೈ ಮೇಲೆ ತುಂಡು ಬಟ್ಟೆಯಿಲ್ಲ, ಒಂದು ತಟ್ಟಿಯಾಚೆ ಪರಗಂಡಸು ಟೇಪು ಹಿಡಿದು ನಿಂತಿದ್ದಾನೆ. ಇದನ್ನು ಕಿತ್ತರೆ ನನಗೂ ಬಯಲ ಸೀರೆ ಮರೆಯೇ ಗತಿ.

ಇನ್ಸ್‌ಪೆಕ್ಟರನ ದನಿ ತಗ್ಗಿತು. "ಹಂಗಾದ್ರೆ ಪಕ್ಕದೋರನ್ನ ಕೇಳಿ. ಅವರ ತಕರಾರಿಲ್ಲ ಅಂದ್ರೆ ಬಾಣಂತನ ಮುಗಿಯೋ ತನಕ ಇರ್ಲಿ."

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೋಗಿ ಬಚ್ಚಲಿಗೆ ಬಿತ್ತಂತೆ" ಎಂದು ಅಮ್ಮ ಪಿಸುಗುಟ್ಟಿದಳು. ನನಗೆ ನಗು ಬರಲಿಲ್ಲ. ಕೊನೆಗೆ ಅಪ್ಪ ಬೇಲಿಯ ಕಡೆ ತಿರುಗಿ, "ತಂಗೀ..." ಎಂದ. ಗೆಳತಿಯ ತಾಯಿಯನ್ನು ಅವನು ಹಾಗೆ ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆಕೆ ಬೇಲಿಯ ಬಳಿಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಇರ್ಲಿ ಬುಡಿ ಸಾರ್. ಬಾಣಂತಿ ಮೀಯೋ ಜಾಗ ಕೀಳ್ಸಕ್ಕೆ ನಾವೇನು ಕಮಿಟಿಯೋರಾ?" ಎಂದಳು.

ಬೂಟಿನ ಸದ್ದು ದೂರವಾದ ಮೇಲೆ ತಟ್ಟಿಯ ಹತ್ತಿರಕ್ಕೆ ಬಂದು ನನಗೆ ಹೇಳಿದಳು: "ಮಗಾ, ಬಿರ್ರನೆ ತಲೆ ಒರೆಸ್ಕೊ. ತಂಡಿಗಾಳಿ ಐತೆ. ನಮ್ಮ ಹುಡುಗಿಗೆ ಆಗ ಹತ್ತಿದ ಕೆಮ್ಮು ಇನ್ನೂ ಬಿಟ್ಟಿಲ್ಲ, ಗಂಡನ ಮನೆಗೆ ಕಳ್ಸಕ್ಕೂ ಆಗಿಲ್ಲ."

ಅಮ್ಮ ಮತ್ತೆ ನೀರು ಹುಯ್ಯತೊಡಗಿದಳು. ನಾಚಿಕೆಯಿಂದ ನಾನು ಮುಖವೆತ್ತಲಿಲ್ಲ. ನೋಡಲು ಅಮ್ಮನ ಹೊರತು ಯಾರೂ ಇರಲಿಲ್ಲ. ಬೇಲಿಯಾಚೆ ನನ್ನ ಗೆಳತಿ ಕೆಮ್ಮುವುದು ಕೇಳಿಸುತ್ತಿತ್ತು.