ಬಲವಂತದ ಎರಡನೇ ಮುದ್ದೆ

ನಮ್ಮ ಕಡೆ ನೆಂಟರ ಮನೆಯಲ್ಲಿ ಎರಡನೇ ಮುದ್ದೆಯನ್ನು ಯಾರೂ ಕೇಳಿ ಹಾಕಿಸಿಕೊಳ್ಳುವುದಿಲ್ಲ. ಬೇಡ ಎನ್ನಬೇಕು, ತಟ್ಟೆಯ ಮೇಲೆ ಕೈ ಅಡ್ಡ ಇಡಬೇಕು. ಬಡಿಸುವವಳು ಆ ಕೈ ಸರಿಸಿ, "ನನ್ನಾಣೆ, ಅರ್ಧನಾದ್ರೂ ಹಾಕ್ಕೊಳ್ಳಿ" ಎಂದು ಇಡೀ ಮುದ್ದೆ ಹಾಕಬೇಕು. ಉಣ್ಣುವವರು "ಅಯ್ಯೋ, ಸಾಯಿಸ್ತೀಯ ನೀನು" ಎಂದು ಬೈಯುತ್ತಲೇ ಅದನ್ನು ಮುಗಿಸಬೇಕು. ಮೊದಲ 'ಬೇಡ'ಕ್ಕೇ ಬಡಿಸುವವಳು ಹಿಂದೆ ಸರಿದಳೆಂದರೆ ಆ ಮನೆಗೆ ನಿಮ್ಮ ಮೇಲೆ ಏನೋ ಮುನಿಸಿದೆ ಎಂದೇ ಅರ್ಥ. ಮುಳಬಾಗಿಲಿನಿಂದ ಆಂಧ್ರಕ್ಕೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ, ಕನ್ನಡ ಮಾತಾಡುವ ಮನೆಯಾಗಲಿ ತೆಲುಗು ಮಾತಾಡುವ ಮನೆಯಾಗಲಿ, ಈ ಜಗ್ಗಾಟ ಒಂದೇ. ನಮ್ಮತ್ತೆ ಎರಡೂ ಭಾಷೆಯಲ್ಲಿ ಆಣೆ ಹಾಕುತ್ತಿದ್ದರು. ಕನ್ನಡದ "ನನ್ನಾಣೆ"ಗೆ ಬಗ್ಗದವರು ತೆಲುಗಿನ "ನಾ ಮೀದ ಒಟ್ಟು" ಎಂದರೆ ಬಗ್ಗುತ್ತಿದ್ದರು.

ಈ ವಿದ್ಯೆಯಲ್ಲಿ ನಾನು ಅತ್ತೆಯನ್ನೂ ಮೀರಿಸಿದವಳು. ಜಂಬ ಎಂದರೆ ಜಂಬವೇ ಅನ್ನಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆಯೂ ಚುರುಕು, ನಲ್ಲಿ ನೀರಿಗಾಗಿ ಬೀದಿಯವರ ಜೊತೆಯೆಲ್ಲ ಜಗಳ ಆಡಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಉಂಡು ಹೋದವರು ಒಬ್ಬರೂ ನನ್ನನ್ನು ಕೆಟ್ಟವಳೆಂದಿಲ್ಲ. ಒಳ್ಳೆಯ ಗುಣ ಎಂದು ತೋರಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಇದೊಂದೇ.

ಮಗಳು ಡಿಗ್ರಿ ಮುಗಿಸಿ ಮೊದಲು ನರಸಾಪುರದ ಒಂದು ಕಂಪನಿಗೆ ಸೇರಿದ್ದಳು. ಕಂಪನಿ ಬಸ್ಸು ಯಾವ ಹೊತ್ತಿಗೆ ಬಂದು ಕರೆದರೂ ಹೋಗಬೇಕು. ರಾತ್ರಿ ಪಾಳಿ ಮುಗಿಸಿ ಬಂದರೆ ಮುಖ ಬಾಡಿದ ಸೊಪ್ಪಿನಂತಿರುತ್ತಿತ್ತು. ಅದನ್ನು ಬಿಟ್ಟು, ಬೆಂಗಳೂರಿಗೆ ಊರು ನೋಡಲು ಬರುವ ಹುಡುಗ ಹುಡುಗಿಯರು ಕಡಿಮೆ ಖರ್ಚಿನಲ್ಲಿ ಉಳಿದುಕೊಳ್ಳುವ ಒಂದು ಹಾಸ್ಟೆಲಿನ ಕೌಂಟರಿಗೆ ಸೇರಿಕೊಂಡಳು. ಹಾಸ್ಟೆಲು ಎಂದರೆ ಓದುವ ಮಕ್ಕಳದು ಎಂದುಕೊಂಡಿದ್ದ ನನಗೆ ಅವಳೇ ಬಿಡಿಸಿ ಹೇಳಿದಳು. ಒಂದೊಂದು ರೂಮಿನಲ್ಲೂ ರೈಲಿನ ಬರ್ತುಗಳ ಹಾಗೆ ಮೇಲೊಂದು ಕೆಳಗೊಂದು ಮಂಚ, ಮಂಚಕ್ಕೊಂದು ಪರದೆ, ಸಾಮಾನಿಗೆ ಬೀಗದ ಪೆಟ್ಟಿಗೆ. ದಿಲ್ಲಿ, ಕೇರಳ, ಅಸ್ಸಾಂ, ಹೊರದೇಶ ಎಲ್ಲ ಕಡೆಯವರೂ ಬರುತ್ತಾರೆ, ನಾಲ್ಕು ದಿನ ಲಾಲ್‌ಬಾಗು, ಕಬ್ಬನ್ ಪಾರ್ಕು, ನಂದಿ ಬೆಟ್ಟ ಸುತ್ತಿ ಹೋಗುತ್ತಾರೆ. ಪಕ್ಕದ ಮಂಚದಲ್ಲಿ ಮಲಗಿದವರು ಯಾರೆಂದು ಒಬ್ಬರಿಗೂ ಗೊತ್ತಿರುವುದಿಲ್ಲವಂತೆ.

"ಪಾಪ, ಊಟಕ್ಕೇನ್ ಮಾಡ್ತವೆ?" ಎಂದೆ.

"ಬ್ರೆಡ್ಡು, ನೂಡಲ್ಸು. ಅದಕ್ಕೇ ಅಮ್ಮಾ, ಒಂದ್ ಭಾನ್ವಾರ ಕರ್ಕೊಂಡ್ ಬರ್ಲಾ? ಆವಣಿ ಬೆಟ್ಟ, ಕುರುಡುಮಲೆ ತೋರ್ಸಿ, ಮಧ್ಯಾಹ್ನ ನಮ್ಮನೇಲಿ ಊಟ."

"ಅದಕ್ಕೂ ಕೇಳ್ಬೇಕಾ? ಕರ್ಕೊಂಡ್ ಬಾ ಹೋಗೆ."

ಬಂದರು. ವ್ಯಾನಿನಿಂದ ಇಳಿದವರೇ ನಮ್ಮ ಮನೆಯ ಮಾಲೂರು ಹೆಂಚಿನ ಫೋಟೋ ತೆಗೆದರು, ಎಮ್ಮೆಯ ಫೋಟೋ ತೆಗೆದರು, ಹುಳು ಸಾಕುವ ಮನೆಯಲ್ಲಿ ರೇಷ್ಮೆಹುಳ ಸೊಪ್ಪು ತಿನ್ನುವ ಸದ್ದಿಗೆ ಕಿವಿ ಕೊಟ್ಟು ನಿಂತರು. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಕೂರಿಸಿದೆ. ಮುದ್ದೆ, ಹಿತಕಿದ ಬೇಳೆ ಸಾರು. ಉದ್ದನೆಯ ಒಬ್ಬ ಹುಡುಗ ಮುದ್ದೆಯನ್ನು ಅಗಿಯಲು ಹೋಗಿ ಬಾಯಿ ತೆರೆಯಲಾರದೆ ಕಣ್ಣು ಕಣ್ಣು ಬಿಟ್ಟ. ನುಂಗಬೇಕಪ್ಪ, ಅಗಿಯಬಾರದು ಎಂದು ನಾನೇ ಒಂದು ತುತ್ತು ನುಂಗಿ ತೋರಿಸಿದೆ. ಪಕ್ಕದ ಹುಡುಗಿ ಸಾಕೆಂದು ಕೈ ಅಡ್ಡ ಇಟ್ಟಳು. ಬಿಡುತ್ತೇನೆಯೇ? ಕೈ ಸರಿಸಿದೆ, ಆಣೆ ಹಾಕಿದೆ. ಭಾಷೆ ಬರದಿದ್ದರೂ ಅವಳಿಗೆ ಎಲ್ಲ ಅರ್ಥವಾಯಿತು, ನಕ್ಕು ತಿಂದಳು. ಹೊರಡುವಾಗ ಹುಡುಗಿಯರಿಗೆಲ್ಲ ಕುಂಕುಮ ಇಟ್ಟೆ. ತಾಯಿ ಒಂದೂರಲ್ಲಿ, ಇವು ಇನ್ನೊಂದೂರಲ್ಲಿ ಅಟ್ಟಣಿಗೆ ಮೇಲೆ ಮಲಗುತ್ತವಲ್ಲ ಎನ್ನಿಸಿ, ವ್ಯಾನು ತಿರುಗುವಾಗ ಕಣ್ಣಲ್ಲಿ ನೀರು ಬಂತು. ನಾಚಿಕೆಯೇನೂ ಆಗಲಿಲ್ಲ. ನೆಂಟರು ಹೊರಟಾಗ ಅಳುವುದು ನಮ್ಮಲ್ಲಿ ಇದ್ದದ್ದೇ.

ಆಮೇಲೆ ಭಾನುವಾರ ಬಂತೆಂದರೆ ವ್ಯಾನು ಬರುವುದು ಮಾಮೂಲಾಯಿತು. ರಾಗಿ, ಬೇಳೆ, ಎಣ್ಣೆ ಎಲ್ಲ ಮಗಳೇ ತಂದುಹಾಕುತ್ತಿದ್ದಳು. ಹೊಸ ಗ್ರೈಂಡರು ತಂದಾಗ, ಸಂಬಳವನ್ನೆಲ್ಲ ಹೀಗೆ ಕಳೀಬೇಡ ಎಂದು ಬೈದೂ ಬಿಟ್ಟೆ. ಬೀದಿಯವರು "ನಿಮ್ಮನೆ ಛತ್ರ ಆಗೋಯ್ತಲ್ಲಮ್ಮ" ಎಂದು ರೇಗಿಸಿದರೆ ಒಳಗೊಳಗೇ ಹಿಗ್ಗುತ್ತಿದ್ದೆ. ನಮ್ಮ ಮನೆಯವರು ಮಾತ್ರ "ಹುಳಕ್ಕೆ ಸೊಪ್ಪು ಹಾಕೋದು ಮರೀತೀಯ, ಅವ್ರಿಗೆ ಮುದ್ದೆ ಹಾಕೋದು ಮರೆಯಲ್ಲ" ಎಂದು ಗೊಣಗುತ್ತಿದ್ದರು.

ಮಾವಿನ ಕಾಲದಲ್ಲಿ ನನ್ನ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಬೇಕಾಯಿತು. ಶ್ರೀನಿವಾಸಪುರದ ಹತ್ತಿರದ ನನ್ನ ತವರಿನಿಂದ ತಮ್ಮ ಕಳಿಸಿದ್ದ ಹಣ್ಣನ್ನು ಒಂದು ಚೀಲ ತುಂಬಿಕೊಂಡು, ಮಕ್ಕಳಿಗೆ ಕೊಟ್ಟ ಹಾಗಾಗುತ್ತದೆ ಎಂದು ಮೊದಲು ಹಾಸ್ಟೆಲಿಗೇ ಹೋದೆ. ಮಗಳು ಯಾರಿಗೋ ಮಂಚ ತೋರಿಸಲು ಮಹಡಿಗೆ ಹೋಗಿದ್ದಳಂತೆ. ಸೋಫಾದಲ್ಲಿ ಕೂತೆ. ತಲೆ ಎತ್ತಿದರೆ ಎದುರು ಗೋಡೆಯ ತುಂಬ ನಾನೇ. ಬಾಯಿ ತೆರೆದಿದ್ದೇನೆ, ಕೈಯಲ್ಲಿ ಮುದ್ದೆ, ಯಾವುದೋ ಹುಡುಗಿಯ ಕೈಯನ್ನು ತಟ್ಟೆಯಿಂದ ಸರಿಸುತ್ತಿದ್ದೇನೆ. ಮೊದಲು ಸಂತೋಷವೇ ಆಯಿತು. ಫೋಟೋದಲ್ಲಿ ಸೆರಗು ಜಾರಿದೆಯಲ್ಲ, ಮಗಳು ಒಂದು ಮಾತು ಹೇಳಬಾರದಿತ್ತೇ ಎಂದುಕೊಂಡು, ಇಲ್ಲಿ ಮೈಮೇಲಿದ್ದ ಸೆರಗನ್ನು ಸರಿಮಾಡಿಕೊಂಡೆ.

ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗಿ ನನ್ನನ್ನೂ ಗೋಡೆಯನ್ನೂ ನೋಡಿ ಎದ್ದು ನಿಂತುಬಿಟ್ಟಳು. ಹಿಂದಿಯಲ್ಲಿ ಮಾತಾಡಿದಳು. ನಮ್ಮ ಬೀದಿಯ ಮುಸ್ಲಿಂ ಮನೆಗಳ ಹೆಂಗಸರ ಜೊತೆ ದಖ್ಖನಿಯಲ್ಲಿ ಹರಟಿ ಹರಟಿ ನನಗೆ ಅಷ್ಟು ಹಿಂದಿ ತಿಳಿಯುತ್ತದೆ. ನೀವೇ ಅಲ್ಲವೇ ಆ ಆಂಟಿ, ಬರುವ ಭಾನುವಾರಕ್ಕೆ ನಾನೂ ದುಡ್ಡು ಕಟ್ಟಿದ್ದೇನೆ ಎಂದಳು.

"ಯಾವುದಕ್ಕೆ?" ಎಂದೆ.

"ನಿಮ್ಮ ಮನೆ ಊಟಕ್ಕೆ," ಎಂದು ಫೋನು ತೆಗೆದು, ಬಂದುಹೋದವರು ಬರೆದಿದ್ದನ್ನು ಓದಿ ಓದಿ ಹಿಂದಿಗೆ ಮಾಡಿ ಹೇಳತೊಡಗಿದಳು. ಹೊಗಳಿಕೆ, ಆಂಟಿಗೆ ಖುಷಿಯಾಗಲಿ ಎಂದೇ ಓದಿದಳು ಪಾಪ. ಬೆಟ್ಟ ಸುಮಾರು, ಊಟ ಸೂಪರ್ ಎಂದು ಒಬ್ಬರು. ಎರಡನೇ ಮುದ್ದೆಯ ಸೀನು ತಪ್ಪಿಸಿಕೊಳ್ಳಬೇಡಿ, ತಟ್ಟೆಗೆ ಕೈ ಅಡ್ಡ ಇಟ್ಟರೆ ಮಾತ್ರ ಆಂಟಿ ಶುರು ಮಾಡುತ್ತಾರೆ ಎಂದು ಇನ್ನೊಬ್ಬರು. ಕೊನೆಯ ಅಳು ಸ್ವಲ್ಪ ಜಾಸ್ತಿಯಾಯಿತು, ಆದರೂ ಪೈಸಾ ವಸೂಲ್ ಎಂದು ಮತ್ತೊಬ್ಬರು. ನಿಜವಾದ ತಾಯಿಯ ಹಾಗೇ ಮಾಡುತ್ತಾರೆ ಎಂದು ಬರೆದವರೂ ಇದ್ದರು. ಓದಿ ಮುಗಿಸಿ ಆ ಹುಡುಗಿ ನನ್ನನ್ನು ಬಹಳ ಗೌರವದಿಂದಲೇ ಕೇಳಿದಳು. "ಆಂಟಿ, ನೀವು ಮುಂಚೆ ನಾಟಕದಲ್ಲಿದ್ದಿರಾ?"

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತನ್ನು ನಾನು ಎಷ್ಟೋ ಸಲ ಸುಮ್ಮನೆ ಆಡಿದ್ದೆ. ಅವತ್ತು ನಿಜವಾಗಿ ಬೇಡಿಕೊಂಡೆ. ಗೋಡೆಯ ಮೇಲೆ ಬಾಯಿ ತೆರೆದು ನಿಂತವಳನ್ನು ನೋಡಲಾಗಲಿಲ್ಲ. ಹಣ್ಣು ಕೊಡೋಣವೆಂದು ಚೀಲಕ್ಕೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. ಕೊಟ್ಟರೆ ಅದನ್ನೂ ಬರೆಯುತ್ತಾರೆ. ಚೀಲವನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿದೆ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಮಗಳ ಮೇಲೆ ಹರಿಹಾಯ್ದೆ. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಿ ಎಂದೇ ಗಟ್ಟಿಯಾಗಿ ಬೈದೆ.

"ಅನ್ನ ಮಾರಿದೀಯಲ್ಲೇ ನೀನು! ನನ್ ಕೈಯಲ್ಲೇ ಮಾರ್ಸಿದೀಯಲ್ಲೇ!"

"ಹೋಟ್ಲೋರು ಮಾರಲ್ವಾ ಅಮ್ಮಾ? ಅದ್ರಲ್ಲೇನು ನಾಚ್ಕೆ? ಗ್ರೈಂಡರು ಎಲ್ಲಿಂದ ಬಂತು ಅನ್ಕೊಂಡಿದ್ದೆ?"

"ಮೊದ್ಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಒಪ್ಕೊಂಡಿದ್ರೂ ಹಿಂಗ್ ಬಡಿಸ್ತಿರ್ಲಿಲ್ಲ."

ಹಾಳಾದವಳು, ಸರಿಯಾಗಿಯೇ ಹೇಳಿದ್ದಳು. ಒಂದಷ್ಟು ದೂರ ಹೋದಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದಳು. ಈ ಊಟದಿಂದಲೇ ಅವಳಿಗೆ ಭಾನುವಾರದ ಸುತ್ತಾಟದ ಜವಾಬ್ದಾರಿ ಕೊಟ್ಟಿದ್ದಾರೆ, ಇದು ನಿಂತರೆ ಹಾಸ್ಟೆಲಿನಲ್ಲಿ ಅವಳ ಅಗತ್ಯವೂ ಇರುವುದಿಲ್ಲ. "ಮತ್ತೆ ಕಂಪ್ನಿಗೇ ಹೋಗ್ಬೇಕಾಗುತ್ತೆ" ಎಂದಳು. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಆ ಮುಖ ನೆನಪಾಯಿತು. ನಿಲ್ಲಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನು ಮೇಲೆ ಬರಿ ಅಡಿಗೆ ಮಾಡುತ್ತೇನೆ, ಬಲವಂತ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಭಾನುವಾರ ಬಂತು. ಫೋನಿನಲ್ಲಿ ಓದಿ ಹೇಳಿದ ಹುಡುಗಿಯೂ ಬಂದಿದ್ದಳು. ಮೊದಲ ಮುದ್ದೆ ಮುಗಿಯಿತು. ಎಲ್ಲರೂ ಒಟ್ಟಿಗೆ ಎಡಗೈಯನ್ನು ತಟ್ಟೆಗೆ ಅಡ್ಡ ಇಟ್ಟರು. ಬಲಗೈಯಲ್ಲಿ ಸಾರು ಮೆತ್ತಿದ್ದರೂ ಕೆಲವರು ಎರಡು ಬೆರಳಲ್ಲಿ ಫೋನು ಎತ್ತಿ ಹಿಡಿದರು. ಬೇಡ ಎನ್ನುವ ಕೈಗಳನ್ನು ನಾನು ಜನ್ಮವೆಲ್ಲ ಸರಿಸಿದ್ದೇನೆ, ಶುರು ಮಾಡು ಎನ್ನುವ ಕೈಗಳನ್ನು ಅವತ್ತೇ ನೋಡಿದ್ದು. ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನೇ ನೋಡಿದಳು.

ಮಾಡಿದೆ. ಕೈ ಸರಿಸಿದೆ, ಆಣೆ ಹಾಕಿದೆ, ದನಿಯನ್ನು ಎಂದಿಗಿಂತ ಎತ್ತರಿಸಿ ತೆಲುಗಿನ ಆಣೆಯನ್ನೂ ಸೇರಿಸಿದೆ. ಚಪ್ಪಾಳೆ ಹೊಡೆದರು. ವ್ಯಾನಿನ ಹತ್ತಿರ ನಿಂತಾಗ ಕಣ್ಣೀರೂ ಬಂತು. ನಾಚಿಕೆಗೆ ಬಂತೋ ಅಭ್ಯಾಸಕ್ಕೆ ಬಂತೋ, ಸರಿಯಾದ ಹೊತ್ತಿಗೆ ಬಂತು. ಆ ಹುಡುಗಿ ತಬ್ಬಿಕೊಂಡು "ಸೂಪರ್ ಆಂಟಿ" ಎಂದಳು. ಒಲ್ಲದ ಮನಸ್ಸಿನಿಂದ ಕೆಟ್ಟದಾಗಿ ಮಾಡಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಚೆನ್ನಾಗಿ ಮಾಡಿದೆ, ಅದೇ ಈಗಲೂ ಚುಚ್ಚುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರು ಇನ್ನು ಮೇಲೆ ನಿಜ ಹೇಳುತ್ತೇನೆ ಎನ್ನಬಹುದು. ನಿಜವಾಗಿ ಬಡಿಸಿದ್ದೇ ನಾಟಕವಾಗಿಬಿಟ್ಟರೆ ನಾನು ಏನೆಂದು ಹೇಳಿಕೊಳ್ಳಲಿ? ವ್ಯಾನು ಹೋದಮೇಲೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದೆ.

ಅದಾಗಿ ಕೆಲವು ದಿನಕ್ಕೆ, ತೋಟದ ಹಣ್ಣೆಲ್ಲ ಮಂಡಿಗೆ ಹೋಗಿ ಬಿಡುವಾದ ಮೇಲೆ, ನನ್ನ ತಮ್ಮ ಬಂದ. ನನಗಿಂತ ತುಂಬಾ ಚಿಕ್ಕವನು. ಅಮ್ಮನಿಗೆ ಹುಷಾರಿಲ್ಲದ ಕಾಲದಲ್ಲಿ ಹುಟ್ಟಿದವನು, ಹಾಗಾಗಿ ನಾನೇ ತುತ್ತು ಮಾಡಿ ತಿನ್ನಿಸಿ ಬೆಳೆಸಿದ್ದು. ಬಿಸಿಲಿನಲ್ಲಿ ಬಂದಿದ್ದ, ಹಸಿದಿದ್ದ. ಬಸ್ಸಾರು ಮಾಡಿದ್ದೆ, ಅವನಿಗೆ ಪ್ರಾಣ ಅದು. ಮೊದಲ ಮುದ್ದೆಯನ್ನು ಗಬಗಬ ನುಂಗಿದ. ನಾನು ಎರಡನೆಯದನ್ನು ಕೈಗೆ ತೆಗೆದುಕೊಂಡೆ.

"ಸಾಕಕ್ಕಾ" ಎಂದು ಕೈ ಅಡ್ಡ ಇಟ್ಟ.

ಬಾಯಿ ತೆರೆದೆ. ನನ್ನಾಣೆ ಎನ್ನಬೇಕು, ಅಷ್ಟೇ. ಗೋಡೆಯ ಮೇಲಿನ ಆ ಬಾಯಿ ಕಣ್ಣಿಗೆ ಕಟ್ಟಿತು. ಈ ಮಾತನ್ನು ಹಾಸ್ಟೆಲಿನ ಮಕ್ಕಳಿಗೆ ಹೇಳಿದ ದನಿ ಬಿಟ್ಟು ಬೇರೆ ದನಿಯಲ್ಲಿ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಹೆತ್ತ ಮಗನಂಥವನ ಮುಂದೆ ಆ ಸೀನು ಮಾಡಲಾರೆ ಎನ್ನಿಸಿತು. ಬಾಯಿ ಮುಚ್ಚಿದೆ. ಮುದ್ದೆ ಪಾತ್ರೆಗೆ ವಾಪಸ್ಸು ಹೋಯಿತು.

ಅವನು ಕೈಯನ್ನು ಹಾಗೇ ತಟ್ಟೆಯ ಮೇಲೆ ಇಟ್ಟುಕೊಂಡು ಕಾದ. ಆಮೇಲೆ ಮೆಲ್ಲಗೆ ತೆಗೆದ. ಮಜ್ಜಿಗೆ ಕುಡಿದು ಕೈ ತೊಳೆದು ಬಂದು, ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದ.

"ಅಕ್ಕಾ, ನಾನೇನಾದ್ರೂ ತಪ್ಪ್ ಮಾತಾಡಿದ್ನಾ?"

"ಇಲ್ಲಪ್ಪ. ತಲೆನೋವು, ಅಷ್ಟೆ."

ಅವತ್ತು ಸಂಜೆಯೇ ಮಗಳು ಫೋನು ಮಾಡಿದಳು. "ಮಾವ ಕೇಳ್ತಿದ್ರು, ನಿಮ್ಮಮ್ಮನಿಗೆ ನನ್ ಮೇಲೆ ಯಾಕ್ ಕೋಪ ಅಂತ. ಏನಾಯ್ತಮ್ಮಾ?" ಎಂದಳು. ನಿನ್ನಿಂದಲೇ ಆದದ್ದು ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಭಾನುವಾರಕ್ಕೆ ಎಷ್ಟು ಜನ ಎಂದು ಕೇಳಿ ಫೋನಿಟ್ಟೆ.

ಬೆಳಿಗ್ಗೆ ನಾನೇ ತಮ್ಮನಿಗೆ ಫೋನು ಮಾಡಿದೆ. ಎಲ್ಲ ಹೇಳಿಬಿಡಬೇಕೆಂದಿದ್ದೆ, ಮಗಳು ದುಡ್ಡು ಕಟ್ಟಿಸಿಕೊಂಡದ್ದನ್ನು ತವರಿಗೆ ಹೇಳುವುದು ಹೇಗೆ? "ನಿನ್ನೆ ಅರ್ಧ ಹೊಟ್ಟೇಲಿ ಎದ್ ಹೋದ್ಯಲ್ಲೋ" ಎಂದೆ, ಅಷ್ಟೇ.

"ಇಲ್ಲಕ್ಕಾ, ಹೊಟ್ಟೆ ತುಂಬಿತ್ತು" ಎಂದ. ಆಮೇಲೆ, ನಾನು ತುತ್ತಿಟ್ಟು ಬೆಳೆಸಿದ ನನ್ನ ತಮ್ಮ, ಬೇರೆ ಯಾರದೋ ಮನೆಯಲ್ಲಿ ಉಂಡುಹೋದವನ ಹಾಗೆ ಹೇಳಿದ:

"ಊಟ ಚೆನ್ನಾಗಿತ್ತಕ್ಕಾ. ಥ್ಯಾಂಕ್ಸ್."