ಬಲಗಡೆಯ ಚಿತ್ರ

ತೊಂಬತ್ತರ ದಶಕದಲ್ಲಿ ಅಮೆರಿಕದ ಡರ್ಹಮ್‌ನ ಗ್ರಂಥಾಲಯವೊಂದರಲ್ಲಿ ಹಳೆಯ ಜೋಡಿಚಿತ್ರದ ಕಾರ್ಡುಗಳನ್ನು ಸ್ಕ್ಯಾನ್ ಮಾಡುತ್ತಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಬೆಟ್ಟದ ರೈಲಿಗೆ ಪ್ರವಾಸಿಗರನ್ನು ಸೆಳೆಯಲು ಮಾರಿದ ಕಾರ್ಡುಗಳವು. ಕಣ್ಣಿಗೊಂದರಂತೆ ಪಕ್ಕಪಕ್ಕ ಎರಡು ಚಿತ್ರ; ಜೋಡಿ ಮಸೂರದಲ್ಲಿ ನೋಡಿದರೆ ಎರಡೂ ಕೂಡಿ ದೃಶ್ಯದ ಆಳ ಕಾಣುತ್ತದೆ. ಎರಡೂ ಚಿತ್ರ ಒಂದೇ ಎಂದುಕೊಂಡು ಎಡಗಡೆಯದನ್ನಷ್ಟೇ ಸ್ಕ್ಯಾನ್ ಮಾಡಿದ್ದೆ.

ಒಂದು ದಿನ ಕಪ್ಪು ಜನಾಂಗದ ವೃದ್ಧೆಯೊಬ್ಬರು ಬಂದು ಆ ರೈಲುಹಾದಿಯ ಸುರಂಗದ ಚಿತ್ರ ಕೇಳಿದರು. "ಆ ಹಳಿ ಹಾಕಿದ ಕೈದಿಗಳಲ್ಲಿ ನನ್ನ ತಾತ ಒಬ್ಬರು. ನಮ್ಮ ಮನೆಯಲ್ಲಿದ್ದ ಕಾರ್ಡು ಸುಟ್ಟುಹೋಯಿತು. ಅವರ ಬೇರೆ ಫೋಟೋ ಇಲ್ಲ."

ಕಂಪ್ಯೂಟರಿನಲ್ಲಿ ತೋರಿಸಿದೆ. "ಇದರಲ್ಲಿ ಪ್ರವಾಸಿಗರಷ್ಟೇ ಇದ್ದಾರೆ, ಮೇಡಂ."

"ಪ್ರವಾಸಿಗರು ಎಲ್ಲ ಕಡೆ ಇರ್ತಾರೆ, ಮಗು. ನೀನು ಕಾರ್ಡು ತಾ."

ತಂದುಕೊಟ್ಟೆ. ಬಲಗಡೆಯ ಚಿತ್ರದ ಅಂಚಿನಲ್ಲಿ ಗುದ್ದಲಿ ಹಿಡಿದು ಒಬ್ಬರು ನಿಂತಿದ್ದರು. ಎಡಗಡೆಯ ಚಿತ್ರ ಅವರಿಗಿಂತ ಕೂದಲೆಳೆ ಮೊದಲೇ ಮುಗಿದಿತ್ತು. "ಇವರೇ," ಎಂದು ವೃದ್ಧೆ ಬೆರಳಿಟ್ಟು ತೋರಿಸಿದರು.

ಮರುದಿನ ಮೊದಲ ಪೆಟ್ಟಿಗೆಯಿಂದ ಮತ್ತೆ ಶುರು ಮಾಡಿದೆ. ಮನುಷ್ಯನಿಗೆ ಎರಡು ಕಣ್ಣು ಯಾಕೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವನು ನಾನು.