ಡನ್‌ಹ್ಯಾಮ್ ಮನೆಯ ಎರಡನೆಯ ಪೇಷನ್ಸ್

ಮ್ಯಾಸಚೂಸೆಟ್ಸಿನ ಆಲ್ಡರ್ಟನ್ ಊರಿನಲ್ಲಿ ಯಾರ ಮುತ್ತಜ್ಜಿಯ ಮುತ್ತಜ್ಜಿ ಯಾರೆಂದು ತಿಳಿಯಬೇಕಾದರೆ ಆರ್ಫಾ ವಾಡ್ಲಿಯನ್ನೇ ಕೇಳಬೇಕಿತ್ತು. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮದುವೆಯ ಗೋಜಿಗೆ ಹೋಗದೆ, ಉಳಿದ ಹೊತ್ತನ್ನೆಲ್ಲ ಸಮಾಧಿಕಲ್ಲುಗಳ ಪಾಚಿ ಕೆರೆಯುವುದರಲ್ಲೇ ಕಳೆದವಳು. ಬದುಕಿದ್ದವರಿಗಿಂತ ಸತ್ತವರ ಜೊತೆಗೇ ಅವಳಿಗೆ ಸಲಿಗೆ ಹೆಚ್ಚೆಂದು ಊರು ಆಡಿಕೊಳ್ಳುತ್ತಿತ್ತು. ಅದೇನೂ ಸುಳ್ಳಲ್ಲ.

ಊರು ಕಟ್ಟಿದ ಮೊದಲಿಗರ ವಂಶಜರದ್ದೊಂದು ಸಂಘವಿತ್ತು; ಅದರ ಪಟ್ಟಿಯಲ್ಲಿದ್ದವರು ವರ್ಷಕ್ಕೊಮ್ಮೆ ಚರ್ಚಿನಿಂದ ಹಳೆಯ ಸ್ಮಶಾನದವರೆಗೆ ಮೆರವಣಿಗೆ ಹೋಗುತ್ತಿದ್ದರು. ಆ ಮೊದಲಿಗರಲ್ಲೊಬ್ಬನಾದ ಜೊಸೈಯಾ ಡನ್‌ಹ್ಯಾಮನ ಮಗಳು ಪೇಷನ್ಸಳ ಸಂತಾನವೆಂದು ಮುದುಕಿ ಅಬಿಗೇಲ್ ಕ್ರಾಕರ್ ಐವತ್ತು ವರ್ಷ ಅದರ ಮುಂದೆ ತಲೆಯೆತ್ತಿ ನಡೆದಿದ್ದಳು. ಒಮ್ಮೆ ಹತ್ತು ಜನರೆದುರು ಆಕೆ ಆರ್ಫಾಳಿಗೆ, "ಮದುವೇನೇ ಆಗದವಳಿಗೆ ಬೇರೆಯವರ ವಂಶದ ಚಿಂತೆ ಯಾಕಮ್ಮ?" ಎಂದು ನಕ್ಕಿದ್ದಳು. ಆ ಮಾತು ಮುಳ್ಳಿನ ಹಾಗೆ ಉಳಿದುಬಿಟ್ಟಿತು. 1915ರಲ್ಲಿ ಆರ್ಫಾಳಿಗೆ ಒಂದು ಪುಟ್ಟ ಕಲ್ಲು ಸಿಕ್ಕಿತು: ಜೊಸೈಯಾ ಡನ್‌ಹ್ಯಾಮನ ಮಗಳು ಪೇಷನ್ಸ್, ಮೂರು ವರ್ಷ, 1694. ಮೂರು ವರ್ಷಕ್ಕೆ ತೀರಿಕೊಂಡ ಮಗುವಿಗೆ ಸಂತಾನವೆಲ್ಲಿಂದ ಬರಬೇಕು? ಅವತ್ತೇ ಸಂಘಕ್ಕೆ ಪತ್ರ ಬರೆದಳು. ಅಬಿಗೇಲಳ ಹೆಸರು ಪಟ್ಟಿಯಿಂದ ಹೋಯಿತು. ಮುಂದಿನ ಮೆರವಣಿಗೆಯ ದಿನ ಆಕೆ ಕಿಟಕಿಯ ಪರದೆಯನ್ನೂ ಸರಿಸಲಿಲ್ಲ. ಆ ಚಳಿಗಾಲದಲ್ಲೇ ಸತ್ತಳು.

ಇದಾಗಿ ಇಪ್ಪತ್ತೆರಡು ವರ್ಷದ ಮೇಲೆ, ಬೇರೆ ಯಾರದೋ ಹೆಸರು ಹುಡುಕುತ್ತ ಆರ್ಫಾ ಚರ್ಚಿನಲ್ಲಿ ಹಸುಗೂಸುಗಳ ದೀಕ್ಷಾಸ್ನಾನ ಬರೆದಿಡುವ ಪುಸ್ತಕ ತೆರೆದಳು. 1696: ಜೊಸೈಯಾ ಡನ್‌ಹ್ಯಾಮನ ಮಗಳು ಪೇಷನ್ಸ್. ಕಲ್ಲಿನ ಮಗು ಸತ್ತು ಎರಡು ವರ್ಷವಾದ ಮೇಲೆ! ಸತ್ತ ಮಗುವಿನ ಹೆಸರನ್ನು ಅದರ ಬೆನ್ನಿಗೆ ಹುಟ್ಟಿದ ಮಗುವಿಗಿಡುವುದು ಆ ಕಾಲದ ವಾಡಿಕೆ. ಗೊತ್ತಿರಲಿಲ್ಲ ಎನ್ನಲು ಆರ್ಫಾಳಿಗೆ ಬಾಯಿರಲಿಲ್ಲ. ಅವಳೇ ಸತ್ತ ಅಕ್ಕನ ಹೆಸರು ಹೊತ್ತವಳು. ಪ್ರತಿ ಮೇ ತಿಂಗಳೂ ತನ್ನದೇ ಹೆಸರು ಕೆತ್ತಿದ ಕಲ್ಲಿಗೆ ಹೂವಿಟ್ಟು ಬರುತ್ತಿದ್ದಳು. ಈ ಪುಸ್ತಕವೂ ಆಗಿನಿಂದ ಇದೇ ಕಪಾಟಿನಲ್ಲಿತ್ತು. ತನಗೆ ಬೇಕಾದದ್ದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಿದ್ದಳು, ಅಷ್ಟೆ. ಪಾಪಿ ನಾನು, ಎಂದುಕೊಂಡಳು.

ಅಬಿಗೇಲಳ ಮಗಳು ಲವೀನಾ ಅವಳ ಜೊತೆ ಓದಿದವಳು. ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿ, ಕೊನೆಗೂ ಆರ್ಫಾ ಅವಳ ಅಡುಗೆಮನೆಯಲ್ಲಿ ಹೋಗಿ ನಿಂತಳು.

"ಏನೇ ಇದು, ಮುಖ ಹೀಗೆ ಬಿಳಿಚ್ಕೊಂಡಿದೆ? ಯಾವ ಹೆಣ ಎದ್ದು ಮಾತಾಡಿಸ್ತು?" ಎಂದಳು ಲವೀನಾ.

"ನಗಬೇಡ ಕಣೆ. ನಿಮ್ಮಮ್ಮ ಹೇಳಿದ್ದೇ ನಿಜ. ಇಬ್ರು ಪೇಷನ್ಸ್ ಇದ್ರು. ತಪ್ಪು ನಂದು. ಇವತ್ತೇ ಸಂಘಕ್ಕೆ ಬರೀತೀನಿ. ಈ ಸಲ ಮೆರವಣಿಗೇಲಿ ನೀನೇ ಮುಂದೆ ನಡೀಬೇಕು."

ಲವೀನಾ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಇಬ್ರು ಅಂತ ನಮ್ಗೆ ಗೊತ್ತಿತ್ತು, ಆರ್ಫಾ. ನಮ್ಮನೆ ಬೈಬಲ್ಲಿನ ಮೊದಲ್ನೇ ಹಾಳೇಲೇ ಬರ್ದಿದೆ."

"ಮತ್ತೆ ತೋರಿಸ್ಲಿಲ್ಲ ಯಾಕೆ?"

"ಅಮ್ಮ ಬಿಡ್ಲಿಲ್ಲ. 'ಅವಳಿಗೂ ಅಕ್ಕನ ಹೆಸರೇ ಅಲ್ವಾ ಇಟ್ಟಿರೋದು? ಇವತ್ತಲ್ಲ ನಾಳೆ ಹೊಳೆಯುತ್ತೆ, ತಾನೇ ಬರ್ತಾಳೆ. ಅವತ್ತು ಹತ್ತು ಜನರೆದ್ರು ಅಂದಿದ್ದಕ್ಕೆ ನಾನೂ ತಪ್ಪಾಯ್ತು ಅಂತ ಹೇಳ್ಬೇಕು' ಅಂತಿದ್ಲು. ಬೈಬಲ್ ತಂದು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಲು. ಅವಳು ಸಾಯೋವರೆಗೂ ಅದು ಅಲ್ಲೇ ಇತ್ತು."

ಆರ್ಫಾ ಬಾಗಿಲ ಕಡೆ ತಿರುಗಿ ನೋಡಿದಳು. ಆ ವರ್ಷವೆಲ್ಲ ಶಾಲೆಗೆ ಹೋಗುತ್ತ ಬರುತ್ತ ದಿನಕ್ಕೆರಡು ಸಲ ಅವಳು ಆ ಬಾಗಿಲ ಮುಂದೆಯೇ ಹಾದುಹೋಗಿದ್ದಳು, ಮುಖ ತಿರುಗಿಸಿಕೊಂಡು.